ಹಳೆ ಹೊಲಿಗೆಯ ಮೇಲೆ ಕೂತ ಮಾಸು

"ನಿನ್ನ ಕೆಲಸ ನೆಲ ಒರೆಸೋದು ಇಂದ್ರಮ್ಮ. ಹೊಟ್ಟೆ ಒಳಗೆ ಏನಿದೆ ಅಂತ ನೋಡೋಕೆ ನಾನಿದೀನಿ."

ಡಾಕ್ಟರ್ ವಿಶ್ವನಾಥ್ ಇದನ್ನು ನನ್ನ ಮಗಳ ಮಂಚದ ಪಕ್ಕ ನಿಂತು, ವಾರ್ಡಿನಲ್ಲಿದ್ದ ಐದು ಜನ ಬಾಣಂತಿಯರಿಗೂ ಕೇಳುವಂತೆ ಹೇಳಿದರು. ಇಬ್ಬರು ನಕ್ಕರು. ನನ್ನ ಕೈಯಲ್ಲಿ ಮಾಪು ಇತ್ತು, ಹಿಡಿದುಕೊಂಡೇ ನಿಂತೆ.

ಈ ನರ್ಸಿಂಗ್ ಹೋಮಿನಲ್ಲಿ ಹದಿನಾರು ವರ್ಷದಿಂದ ಥಿಯೇಟರ್ ತೊಳೆಯುತ್ತಿದ್ದೇನೆ. ಇನ್ನೂ ಕಂಟ್ರಾಕ್ಟು. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಹಳದಿ ಚೀಲಕ್ಕೆ ತುಂಬುವವರು ನಾನು ಮತ್ತು ಮಹದೇವಮ್ಮ, ಇಬ್ಬರೇ. ಇದಕ್ಕೆ ನಮ್ಮ ಕೇರಿಯವರೇ ಆಗಬೇಕು ಎಂದು ಎಲ್ಲಿಯೂ ಬರೆದಿಲ್ಲ, ಆದರೂ ಬೇರೆಯವರು ಒಬ್ಬರೂ ಈ ಕೆಲಸಕ್ಕೆ ಬಂದದ್ದಿಲ್ಲ. ಸರಿಯಾಗಿ ಕಳಚಿದ ಮಾಸು ಯಾವುದು, ತುಂಡು ಒಳಗೇ ಉಳಿದದ್ದು ಯಾವುದು ಎಂದು ಚೀಲಕ್ಕೆ ಹಾಕುವಾಗಲೇ ನನಗೆ ತಿಳಿಯುತ್ತದೆ. ಎರಡು ಸಲ ನಾನು ಹೇಳಿದ ಮೇಲೆ ಸಿಸ್ಟರ್ ಓಡಿದ್ದಾರೆ.

ಹೋದ ವರ್ಷ ಶ್ರೀರಾಂಪುರದ ಒಬ್ಬ ಹೆಂಗಸು ಬಂದಿದ್ದಳು. ಮೊದಲ ಹೆರಿಗೆ ಸಿಸೇರಿಯನ್. ಎರಡನೆಯದರಲ್ಲಿ ಮಾಸು ಕೆಳಗಿಳಿದು, ಹಳೆ ಹೊಲಿಗೆಯ ಮೇಲೇ ಕೂತು, ಗರ್ಭಕೋಶದೊಳಕ್ಕೆ ಬೇರು ಬಿಟ್ಟಿತ್ತು. ಮೊದಲೇ ಯಾರೂ ಅದನ್ನು ಪತ್ತೆ ಮಾಡಿರಲಿಲ್ಲ. ವಿಶ್ವನಾಥ್ ಮಗು ತೆಗೆದು ಮಾಸಿಗೆ ಕೈ ಹಾಕಿ ಎಳೆದರು. ಮಾಸು ಬರಲಿಲ್ಲ, ರಕ್ತ ಬಂತು. ನಾನು ಐದು ಸಲ ಬಕೆಟ್ಟು ಚೆಲ್ಲಿ ಬಂದೆ. ಆರನೆಯ ಸಲ ಒಳಗೆ ಹೋದಾಗ ಅವಳ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ನನ್ನ ಸೌಮ್ಯಳಿಗೂ ಮೊದಲನೆಯದು ಸಿಸೇರಿಯನ್. ಈಗ ಎಂಟು ತಿಂಗಳು. ಮಾಸು ಕೆಳಗಿದೆ, ನೋವಿಲ್ಲದೆ ಮೂರು ಸಲ ರಕ್ತ ಹೋಗಿದೆ. ನಿನ್ನೆ ಸಂಜೆ ಅಡ್ಮಿಟ್ ಮಾಡಿಕೊಂಡು, ಇವತ್ತಿಗೆ ಆಪರೇಷನ್ ಎಂದು ಅಳಿಯನ ಕೈಲಿ ಸಹಿ ಹಾಕಿಸಿಕೊಂಡಿದ್ದರು. ಕೆಳಗಿನ ಮಹಡಿಯಲ್ಲಿ ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಸ್ಕ್ಯಾನಿಂಗ್ ಮಿಷನ್ ಇದೆ. ಅದನ್ನು ನೋಡುವ ಸುಷ್ಮಾ ಡಾಕ್ಟರ್ ಗುರುವಾರ ಬರುತ್ತಾರೆ, ಇವತ್ತು ಗುರುವಾರವೇ. ಆದರೆ ಡಾಕ್ಟರ ಚೀಟಿಯಿಲ್ಲದೆ ಬಸುರಿಗೆ ಸ್ಕ್ಯಾನಿಂಗ್ ಮಾಡುವ ಹಾಗಿಲ್ಲ, ಅದು ಕಾನೂನು. ನಾನು ಕೇಳಿದ್ದು ಆ ಒಂದು ಚೀಟಿ. ವಿಶ್ವನಾಥ್, ಐದನೇ ತಿಂಗಳಲ್ಲಿ ತಾನೇ ನೋಡಿ ಸರಿಯಿದೆ ಎಂದಾಗಿದೆ, ಸ್ಟಾಫ್ ಅಂತ ಪುಕ್ಕಟೆ ಮಾಡಿದರೆ ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸುತ್ತೀಯಾ ಎಂದು ಗದರಿ ಹೊರಟರು.

ಅವರಿಗೆ ಅವಸರವಿತ್ತು. ಹತ್ತು ನಲವತ್ತಕ್ಕೆ ಒಂದು ಮುಹೂರ್ತದ ಸಿಸೇರಿಯನ್. ಕುವೆಂಪುನಗರದ ದೊಡ್ಡ ಮನೆಯ ಸೊಸೆ. ಜೋಯಿಸರು ಗಳಿಗೆ ನೋಡಿಕೊಟ್ಟಿದ್ದರು, ಹನ್ನೊಂದರೊಳಗೆ ಹುಟ್ಟಿದರೆ ಮಗುವಿಗೆ ರಾಜಯೋಗವಂತೆ. ಪುಕ್ಕಟೆ ಕೇಸು ಸೌಮ್ಯಳದು, ಅದು ಕೊನೆಗೆ.

ಒಂಬತ್ತೂವರೆಗೆ ಬೆಳಗಿನ ಮೊದಲ ಆಪರೇಷನ್ ಮುಗಿಯಿತು. ನೆಲವೆಲ್ಲ ರಕ್ತ, ಮೇಜಿನ ಕೆಳಗೆ ಹೆಪ್ಪುಗಟ್ಟಿತ್ತು. ಇರುವುದು ಅದೊಂದೇ ಥಿಯೇಟರ್; ತೊಳೆದು, ಔಷಧಿ ಹೊಡೆದು, ಒಣಗಿಸಲು ಮುಕ್ಕಾಲು ಗಂಟೆ ಬೇಕು. ನಾನು ಬಕೆಟ್ಟನ್ನು ಬೋರಲು ಹಾಕಿ ಥಿಯೇಟರ್ ಬಾಗಿಲಲ್ಲಿ ಅದರ ಮೇಲೆ ಕೂತುಬಿಟ್ಟೆ. ಯೋಚಿಸಿ ಮಾಡಿದ್ದಲ್ಲ. ಮಹದೇವಮ್ಮ ನನ್ನ ಮುಖ ನೋಡಿದಳು, ಕೈಗವಸು ಬಿಚ್ಚಿ ಪಕ್ಕದಲ್ಲಿ ಕುಕ್ಕರಿಸಿದಳು.

ಸೂಪರ್‌ವೈಸರ್ ಪ್ರೇಮ್‌ಕುಮಾರ್ ಓಡಿಬಂದ.

"ಏನೇ ಲೌಡಿ, ಮುಹೂರ್ತದ ಹೊತ್ನಲ್ಲಿ ಧಿಮಾಕು ತೋರುಸ್ತಿದ್ದೀಯಾ? ಏಳೇ ಮೇಲೆ."

"ನನ್ನ ಮಗಳ ಸ್ಕ್ಯಾನಿಂಗ್ ಚೀಟಿ ಬರ್ಲಿ, ಏಳ್ತಿನಿ. ಅಲ್ಲೀಗಂಟ ನಿಮ್ಮವ್ವನ ಕರ್ಕಬಂದು ಒರುಸ್ಕೋ ಓಗು."

ಅವನು ಸಿಸ್ಟರುಗಳನ್ನು ಕೇಳಿದ. ನೆಲ ತಮ್ಮದಲ್ಲ ಎಂದರು. ವಾರ್ಡ್‌ಬಾಯ್‌ಗಳು ಒಳಗೆ ಇಣುಕಿ, ಲಿಫ್ಟಿನ ಕಡೆ ಜಾರಿಕೊಂಡರು. ಹತ್ತು ಗಂಟೆಯಾಯಿತು. ದೊಡ್ಡ ಮನೆಯ ಅತ್ತೆ ಜೋಯಿಸರಿಗೆ ಫೋನು ಹಚ್ಚಿ ಅರ್ಧ ಗಂಟೆ ಮುಂದೆ ಹಾಕಬಹುದೇ ಎಂದು ಕೇಳಿದರು. ಆಗುವುದಿಲ್ಲವಂತೆ. ಸೊಸೆ ಟ್ರಾಲಿಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಪಾಪ, ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ವಿಶ್ವನಾಥ್ ಬಂದು ಮೊದಲು ಪೊಲೀಸರ ಹೆಸರು ಹೇಳಿದರು. ಆಮೇಲೆ ಗಡಿಯಾರ ನೋಡಿದರು. ಕೊನೆಗೆ ಪ್ರೇಮ್‌ಕುಮಾರನ ಬೆನ್ನ ಮೇಲೇ ಕಾಗದವಿಟ್ಟು ಚೀಟಿ ಗೀಚಿ ನನ್ನ ಕಾಲ ಬಳಿ ಎಸೆದರು. ನಾನು ಎದ್ದೆ, ಸ್ಕ್ಯಾನಿಂಗ್ ಮುಗಿಯುವ ತನಕ ಎಂದು ಬಕೆಟ್ಟಿನ ಮೇಲೆ ಮಹದೇವಮ್ಮ ಕೂತಳು.

ಸುಷ್ಮಾ ಡಾಕ್ಟರ್ ಮಿಷನ್ನಿನ ಹಿಡಿಯನ್ನು ಸೌಮ್ಯಳ ಹೊಟ್ಟೆಯ ಕೆಳಭಾಗಕ್ಕೆ ಇಟ್ಟರು. ಪರದೆಯ ಮೇಲೆ ಮಾಸಿನ ತುಂಬ ತೂತುಗಳು, ಅದರೊಳಗೆ ಕೆಂಪು ನೀಲಿ ಸುತ್ತುತ್ತಿತ್ತು. ತುಂಬ ಹೊತ್ತು ನೋಡಿದರು. ಗರ್ಭಕೋಶಕ್ಕೂ ಮೂತ್ರದ ಚೀಲಕ್ಕೂ ನಡುವಿನ ಗೆರೆಯೇ ಕಾಣುತ್ತಿಲ್ಲ, ಮಾಸು ದಾಟಿ ಹೋಗಿರಬಹುದು, ಇಲ್ಲಿ ಕೈ ಹಾಕಬೇಡಿ, ಹತ್ತು ಬಾಟಲಿ ರಕ್ತ ಸಿಗುವ ದೊಡ್ಡ ಆಸ್ಪತ್ರೆಗೆ ಈಗಲೇ ಕಳಿಸಿ ಎಂದು ವಿಶ್ವನಾಥರಿಗೆ ಫೋನಿನಲ್ಲಿ ಹೇಳಿದರು. ನನಗೆ ಗೊತ್ತಿದ್ದದ್ದೇ.

ವಿಶ್ವನಾಥ್ ಕೆಳಗೆ ಬಂದರು. ಪರದೆ ನೋಡಿದರು, ನನ್ನನ್ನು ನೋಡಲಿಲ್ಲ.

"ಆಂಬುಲೆನ್ಸ್‌ಗೆ ಹೇಳಿದೀನಿ ಇಂದ್ರಮ್ಮ. ಅದು ಬರೋವರೆಗೆ ಥಿಯೇಟರ್ ಒಂದು ಮುಗಿಸಿಬಿಡಿ."

ಹದಿನಾರು ವರ್ಷದಲ್ಲಿ ಮೊದಲ ಸಲ ಬಹುವಚನ.

"ಆ ಶ್ರೀರಾಂಪುರದವಳ್ಗೆ ಆರ್ಟ್ ಫೇಲು ಅಂತ ಬರುದ್ರಿ ಸಾ. ಬಕೆಟ್ಟು ಚೆಲ್ಲಿದವಳು ನಾನು. ನನ್ನ ಮಗಳ್ಗೂ ಅದನ್ನೇ ಬರೀತಿದ್ರಿ. ಇವತ್ತು ನೀವೇ ತೊಳ್ಕಳಿ."

ಆಂಬುಲೆನ್ಸಿಗೆ ಮಹದೇವಮ್ಮನೂ ಹತ್ತಿದಳು, ಥಿಯೇಟರಿನ ಬೂಟು ಕಾಲಲ್ಲೇ ಇತ್ತು. ನಾಳೆಯಿಂದ ಬರಬೇಡಿ ಎಂದು ಪ್ರೇಮ್‌ಕುಮಾರ್ ಹಿಂದಿನಿಂದ ಕೂಗುತ್ತಿದ್ದ. ಗಂಟೆ ಹತ್ತು ಐವತ್ತಾಗಿತ್ತು. ಸೌಮ್ಯ ನನ್ನ ಸೆರಗು ಹಿಡಿದಳು.

"ಅವ್ವ, ಅಲ್ಲಿಗೋದ್ರೆ ಬದುಕ್ತಿನಾ?"

"ಗೊತ್ತಿಲ್ಲ ಕಣವ್ವ. ಇಲ್ಲಿದ್ದಿದ್ರೆ ಸಾಯ್ತಿದ್ದೆ, ಅದು ಗೊತ್ತು."

ಅವಳ ಕೆಳಗೆ ಹಾಸಿದ್ದ ಬಟ್ಟೆ ರಕ್ತದಿಂದ ಒದ್ದೆಯಾಗತೊಡಗಿತ್ತು. ಸರ್ಕಲ್ಲಿನಲ್ಲಿ ಗಾಡಿಗಳು ದಾರಿ ಬಿಡಲಿಲ್ಲ. ಮಹದೇವಮ್ಮ ಹಿಂದಿನ ಬಾಗಿಲು ತೆರೆದು ರಸ್ತೆಗೆ ಹಾರಿ, ಒಂದೊಂದೇ ಕಾರಿನ ಬಾನೆಟ್ಟಿಗೆ ಗುದ್ದತೊಡಗಿದಳು.