ಸುಕ್ಕು ಬಟ್ಟೆಯ ರೆಕ್ಕೆ

ಮೂರನೇ ಸಲವೂ ಗ್ಲೈಡರ್ ಹತ್ತು ಹೆಜ್ಜೆ ತೇಲುವಷ್ಟರಲ್ಲಿ ಮುಗ್ಗರಿಸಿ ಹುಲ್ಲಿನ ಮೇಲೆ ಕುಕ್ಕರಿಸಿತು. ಅದರಡಿಯಿಂದ ತೆವಳಿ ಹೊರಬಂದ ಪೈಲಟಮ್ಮ ಮೊಣಕೈಯ ಮಣ್ಣು ಕೊಡವಿಕೊಂಡಳು. ಬಿದ್ದವಳಿಗಿಂತ ಗುಡ್ಡದ ಮೇಲೆ ನಿಂತಿದ್ದ ದರ್ಜಿ ಅಕ್ಕನಿಗೇ ಹೆಚ್ಚು ನೋವಾಯಿತು.

ಆ ರೆಕ್ಕೆಯನ್ನು ಮೊದಲು ಕಟ್ಟಿದವನು ಅಕ್ಕನ ಅಜ್ಜ, ಛತ್ರಿ ರಿಪೇರಿ ಮಾಡುತ್ತಿದ್ದವನು. ನೂರು ವರ್ಷದ ಹಿಂದೆ ಇದೇ ಗುಡ್ಡದಿಂದ ಹಾರಿ, ಕೆಳಗಿನ ಕಲ್ಲುಗೋಡೆ ದಾಟಿ ಇಳಿದನಂತೆ. ಕಣ್ಣಾರೆ ಕಂಡವಳು ರೆಕ್ಕೆಗೆ ಬಟ್ಟೆ ಹೊಲಿದುಕೊಟ್ಟ ಅಜ್ಜಿ ಒಬ್ಬಳೇ. ಹೆಂಡತಿ ಹೇಳುವುದೂ ಒಂದು ಸಾಕ್ಷಿಯೇ ಎಂದು ಊರು ನಕ್ಕಿತು. ‘ಛತ್ರಿ ಹಕ್ಕಿ’ ಎಂದು ಹೆಸರಿಟ್ಟು, ಅವನು ಸಾಯುವವರೆಗೂ ಆಡಿಕೊಂಡಿತು.

ಈಗ ವಸ್ತುಸಂಗ್ರಹಾಲಯದವರು ಹಳೆಯ ಹಾರಾಟಗಾರರಿಗೆಂದೇ ಒಂದು ಕೋಣೆ ತೆರೆಯುತ್ತಿದ್ದರು. ಅಜ್ಜನ ನಕ್ಷೆ ನೋಡಿ ಹೊಸದಾಗಿ ಕಟ್ಟಿದ ಈ ಗ್ಲೈಡರ್ ಇವತ್ತು ಗೋಡೆ ದಾಟಿದರೆ ಅವನ ಚಿತ್ರ ಹಾರಿದವರ ಸಾಲಿನಲ್ಲಿ. ಇಲ್ಲದಿದ್ದರೆ ಬಾಗಿಲ ಹಿಂದಿನ ಮೂಲೆಯಲ್ಲಿ, ಬರೀ ಪ್ರಯತ್ನಪಟ್ಟವರ ಜೊತೆ.

“ಮನೆ ಮಾತನ್ನ ಗೋಡೆಗೆ ತೂಗುಹಾಕೋಕಾಗುತ್ತಾ, ನೀವೇ ಹೇಳಿ,” ಎಂದ ಸಂಗ್ರಹಾಲಯದ ಅಧಿಕಾರಿ, ಗರಿಗರಿ ಇಸ್ತ್ರಿಯ ಪ್ಯಾಂಟಿಗೆ ಹುಲ್ಲು ತಾಗದಂತೆ ನಿಂತು. “ಸಂಜೆ ತನಕ ನೋಡೋಣ. ಆಮೇಲೆ ನನ್ನ ಕೈಲಿಲ್ಲ.”

ಪೈಲಟಮ್ಮ ಏದುಸಿರು ಬಿಡುತ್ತಾ ಮೇಲೆ ಬಂದಳು. “ಅಕ್ಕಾ, ಈ ಕೋಟು ಯಾವ ಪುಣ್ಯಾತ್ಮ ಹೊಲಿದನೋ, ಕೈ ಎತ್ತಿದ್ರೆ ಬೆನ್ನು ಹಿಡ್ಕೊಳ್ಳುತ್ತೆ.”

“ಬಗಲಲ್ಲಿ ಸಡಿಲ ಬಿಟ್ಟಿಲ್ಲ ಕಣೇ. ಬಟ್ಟೆ ಅಂದ್ಮೇಲೆ ಒಂಚೂರು...” ಅಕ್ಕನ ಮಾತು ಅಲ್ಲೇ ನಿಂತಿತು.

ಅವಳು ರೆಕ್ಕೆಯತ್ತ ತಿರುಗಿದಳು. ಒಂದೇ ಒಂದು ಸುಕ್ಕಿಲ್ಲದೆ ಬಿಗಿಯಾಗಿ ಹೊಲಿದವಳು ಅವಳೇ. ಅದಕ್ಕೆ ಮಾದರಿ ಎಂದು ಉಳಿದಿದ್ದು ಅಜ್ಜನ ರೆಕ್ಕೆಯ ಒಂದು ಮೊಳ ತುಂಡು. ಪೆಟ್ಟಿಗೆಯಿಂದ ತೆಗೆದಾಗ ಅದರ ಅಂಚೆಲ್ಲ ಮುದುರಿತ್ತು. ಸುಕ್ಕು ಬಟ್ಟೆ ಕೊಟ್ಟರೆ ದರ್ಜಿಯ ಮಾನ ಏನಾದೀತು ಎಂದು, ನೀರು ಚಿಮುಕಿಸಿ, ಬಿಸಿ ಇಸ್ತ್ರಿ ಎಳೆದೇ ಸಂಗ್ರಹಾಲಯಕ್ಕೆ ಕೊಟ್ಟಿದ್ದಳು.

“ನನ್ನ ಬುದ್ಧಿಗೆ ಬೆಂಕಿ ಬೀಳ! ಅದು ಸುಕ್ಕಲ್ಲ ರೀ, ನೆರಿಗೆ! ನಾಲ್ಕು ಬೆರಳಿಗೊಂದು ಇತ್ತು, ಅಳತೆ ಮಾಡಿ ಹಿಡಿದಿದ್ಲು ಅಜ್ಜಿ. ಗಾಳಿ ತುಂಬ್ಕೊಳ್ಳೋಕೆ ಜಾಗ ಬಿಟ್ಟಿದ್ಲು. ನಾನು ಅದನ್ನ ಇಸ್ತ್ರಿ ಹಾಕಿ ಅಳಿಸಿಬಿಟ್ಟೆ!”

“ಚೆನ್ನಾಗಿರೋದನ್ನ ಬಿಚ್ಚಿ ಸುಕ್ಕು ಮಾಡ್ತೀರಾ ಈಗ?” ಅಧಿಕಾರಿ ಗಾಬರಿಯಾದ.

“ನೀವು ನೆರಳಲ್ಲಿ ಕೂತ್ಕೊಳ್ಳಿ ಸ್ವಾಮಿ.”

ಬೆಳೆಯುವ ಮಕ್ಕಳ ಅಂಗಿಗೆ ಬಿಡುವಂತೆ ರೆಕ್ಕೆಯ ಅಂಚಿನ ಒಳಗೂ ಅವಳು ಧಾರಾಳವಾಗಿ ಬಟ್ಟೆ ಮಡಿಚಿಟ್ಟಿದ್ದಳು. ಕೈ ಅಭ್ಯಾಸ ಕೈಬಿಡಲಿಲ್ಲ. ಹುಲ್ಲಿನ ಮೇಲೆ ಕೂತು ಹೊಲಿಗೆ ಬಿಚ್ಚಿದಳು, ನಾಲ್ಕು ಬೆರಳಿಗೊಂದು ನೆರಿಗೆ ಹಿಡಿದಳು, ಊಟದ ಡಬ್ಬಿ ಮುಟ್ಟದೆ ಮಧ್ಯಾಹ್ನವಿಡೀ ಹೊಲಿದಳು.

“ಗೋಡೆಗೆ ಹೊಡೆದ್ರೆ ಮುರಿಯೋ ಕಾಲು ನಂದು ಅಕ್ಕಾ,” ಎಂದಳು ಪೈಲಟಮ್ಮ, ನಗುತ್ತಲೇ.

“ಗೊತ್ತು. ಆ ಕೋಟನ್ನೂ ಬಿಚ್ಚಿ ಕೊಡು.”

ನಾಲ್ಕು ಗಂಟೆಗೆ ಗಾಳಿ ಎದ್ದಿತು. ಸಡಿಲವಾದ ಕೋಟು ತೊಟ್ಟು ಪೈಲಟಮ್ಮ ಇಳಿಜಾರಿನಲ್ಲಿ ಓಡಿದಳು. ಜೋಲುತ್ತಿದ್ದ ಬಟ್ಟೆ ಒಮ್ಮೆ ಪಟಪಟನೆ ಬಡಿದು, ಮೇಲಕ್ಕೆ ಉಬ್ಬಿ ನಿಂತಿತು. ನೆಲ ಬಿಟ್ಟ ಮೇಲೂ ಅವಳ ಕಾಲು ಗಾಳಿಯಲ್ಲಿ ಓಡುತ್ತಲೇ ಇತ್ತು. ಹತ್ತು ಹೆಜ್ಜೆ ಕಳೆಯಿತು. ಮೂವತ್ತು ಕಳೆಯಿತು. “ಹೋಗು, ಹೋಗು ತಾಯಿ!” ಎಂದು ಕಿರುಚಿದ್ದು ಯಾರೆಂದು ಅಕ್ಕ ತಿರುಗಿ ನೋಡಿದರೆ, ಅಧಿಕಾರಿ! ಗೋಡೆ ಬಂತು, ಪೈಲಟಮ್ಮನ ಬೂಟಿನಡಿ ಸರಿದು ಹಿಂದೆ ಬಿತ್ತು. ರೆಕ್ಕೆ ಇನ್ನೂ ಮುಂದೆ, ಇನ್ನೂ ಮುಂದೆ ತೇಲಿ ಮೆತ್ತಗೆ ಇಳಿಯಿತು.

ಅಕ್ಕ ಅಳುತ್ತಲೋ ನಗುತ್ತಲೋ ಗುಡ್ಡ ಇಳಿದು ಓಡಿದಳು. ಅಜ್ಜ ಹಾರಿದ್ದ, ಅಜ್ಜಿ ನಿಜ ಹೇಳಿದ್ದಳು. ಇಷ್ಟು ಖುಷಿ ಅವಳಿಗೆ ಹುಟ್ಟಿದಾರಭ್ಯ ಆಗಿರಲಿಲ್ಲ.

“ಅಳೀಬೇಕಲ್ಲ,” ಎಂದ ಹಿಂದೆಯೇ ಓಡಿಬಂದ ಅಧಿಕಾರಿ. “ಕಾರಿನಲ್ಲಿ ಉಕ್ಕಿನ ಟೇಪಿದೆ, ತರ್ತೀನಿ.”

“ಬೇಡ.” ಅವಳು ಕೊರಳಲ್ಲಿದ್ದ ಟೇಪು ತೆಗೆದಳು. “ಅಜ್ಜನ ಚಿತ್ರದ ಪಕ್ಕ ಅಜ್ಜಿಗೂ ಜಾಗ ಬಿಡ್ತೀರಿ ತಾನೆ?”

“ಬಿಡ್ತೀನಿ.”

“ಹಾಗಾದ್ರೆ ಹಿಡ್ಕೊಳ್ಳಿ.”

ಅಧಿಕಾರಿ ಇಸ್ತ್ರಿ ಪ್ಯಾಂಟಿನಲ್ಲೇ ಹುಲ್ಲಿಗೆ ಮೊಣಕಾಲೂರಿ, ಟೇಪಿನ ತುದಿಯನ್ನು ಗೋಡೆಯ ಬುಡಕ್ಕೆ ಒತ್ತಿ ಹಿಡಿದ.