ದನಿ ಹೋದ ಫೋನು

ನಾನೊಂದು ಮೊಬೈಲ್ ಫೋನು. ಯಾವುದೋ ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಕೈಗಳು ನನ್ನನ್ನು ಜೋಡಿಸಿ, ಗಾಜು ಒರೆಸಿ, ಪೆಟ್ಟಿಗೆಗೆ ಹಾಕಿದವು. ಕಣ್ಣು ಬಿಟ್ಟದ್ದು ಬಾಗಲಕೋಟೆಯ ಒಂದು ಅಂಗಡಿಯಲ್ಲಿ. ಗುಳೇದಗುಡ್ಡದ ಸಂಗನಬಸು ನನ್ನನ್ನು ಕೊಂಡು ಎದೆಯ ಮೇಲಿನ ಕಿಸೆಯಲ್ಲಿಟ್ಟುಕೊಂಡ. ಆಗಿನ ನನ್ನ ಜಂಬ ಕೇಳಬೇಡಿ. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಆತ ಗಿರಾಕಿಗಳಿಗಿಂತ ನನ್ನ ಮುಖವನ್ನೇ ಹೆಚ್ಚು ನೋಡುತ್ತಿದ್ದ.

ಆ ಮನೆಯಲ್ಲಿ ನನ್ನನ್ನು ಕಂಡರಾಗದವಳು ಒಬ್ಬಳೇ, ಸಂಗನಬಸುವಿನ ಸೋದರತ್ತೆ ಶಾವಂತ್ರವ್ವ. ಹುಟ್ಟಿನಿಂದ ಆಕೆಗೆ ಕಿವಿ ಕೇಳದು, ಮಾತು ಬಾರದು. ಮದುವೆಯಾಗದೆ ತವರಲ್ಲೇ ಉಳಿದು, ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತು ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಒಮ್ಮೆ ಸಂಗನಬಸು ತಮಾಷೆಗೆ ನನ್ನನ್ನು ಆಕೆಯ ಕೈಗಿಟ್ಟರೆ, ಕೆಂಡ ಮುಟ್ಟಿದವಳಂತೆ ತಳ್ಳಿಬಿಟ್ಟಳು.

"ಕಿವಿ ಕೇಳ್ದಾಕಿಗೆ ಫೋನ್ ಯಾತಕ್ಕ ಬಿಡ್ರಿ" ಎಂದಳು ಅವನ ಹೆಂಡತಿ ಶಶಿಕಲಾ.

ಶಾವಂತ್ರವ್ವನ ಸಿಟ್ಟಿನ ಕಾರಣ ನನಗೆ ಮಾತ್ರ ಗೊತ್ತಿತ್ತು. ನಾನು ಗುಣುಗುಟ್ಟಿದರೆ ಸಾಕು, ಗಂಡಹೆಂಡಿರು ಆಕೆಗೆ ಬೆನ್ನು ತಿರುಗಿಸಿ ಗೋಡೆಯ ಜೊತೆ ಮಾತಾಡುತ್ತಿದ್ದರು. ಮನೆಯಲ್ಲಿದ್ದ ಎರಡು ಮುಖಗಳನ್ನೂ ನಾನು ಕಸಿದುಕೊಂಡಿದ್ದೆ.

ಆಕೆಯ ಮಾತು ಬಲ್ಲವಳೆಂದರೆ ತಂಗಿ ಗುರವ್ವ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಕಟ್ಟಿಕೊಂಡ ಕೈಭಾಷೆ ಅದು. ಉಳಿದವರಿಗೆ ಉಣ್ಣು, ಬಾ, ಹೋಗು, ಇಷ್ಟೇ ಬರುತ್ತಿತ್ತು. ಜಮಖಂಡಿಗೆ ಮದುವೆಯಾಗಿ ಹೋಗಿದ್ದ ಗುರವ್ವ ಪ್ರತಿ ನಾಗರಪಂಚಮಿಗೆ ತವರಿಗೆ ಬರುತ್ತಿದ್ದಳು. ಆಗ ಅಕ್ಕತಂಗಿಯರ ಕೈಗಳು ಉಂಡಿ ಕಟ್ಟುವುದನ್ನೂ ಮರೆತು ವರ್ಷದ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದವು.

ಮನೆಯೊಳಗೆ ಫೋನೂ ನೀರಿನ ಹಾಗೆ, ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ಸಂಗನಬಸು ಹೊಸದು ಕೊಂಡ, ನಾನು ಶಶಿಕಲಾಳ ಪಾಲಾದೆ. ಅವಳು ನಳದ ನೀರು ಹಿಡಿಯುವಾಗ ಕೊಡದೊಳಗೆ ಬಿದ್ದೆ. ಜೀವ ಉಳಿಯಿತು, ದನಿ ಹೋಯಿತು.

"ಇದು ಮುಗೀತ್ರಿ ಅಕ್ಕಾರ. ಮಾತೂ ಇಲ್ಲ, ಕೇಳೂದೂ ಇಲ್ಲ" ಅಂದ ರಿಪೇರಿಯವನು.

ಶಶಿಕಲಾಳ ಸಿಮ್ಮು ಗುಂಡಿ ಒತ್ತುವ ಚಿಕ್ಕ ಫೋನಿಗೆ ಹೋಯಿತು. ನಾನು ತುಕ್ಕು ಹಿಡಿದ ಕೀಲಿಗಳ ಜೊತೆ ಗೋಡೆಯ ಮಾಡ ಸೇರಿದೆ. ಶಾವಂತ್ರವ್ವ ಒಮ್ಮೆಯೂ ನನ್ನತ್ತ ತಲೆಯೆತ್ತಲಿಲ್ಲ. ಈಗ ನನಗೂ ಆಕೆಯ ಗತಿಯೇ ಬಂದಿತ್ತು.

ಆ ವರ್ಷ ಪಂಚಮಿ ಬಂತು, ಗುರವ್ವ ಬರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಸಂಗನಬಸು ತನ್ನ ಕಾಲು ತೋರಿಸಿದ, ಕಡ್ಡಿ ಮುರಿದು ತೋರಿಸಿದ. ಶಾವಂತ್ರವ್ವ ನಂಬಲಿಲ್ಲ. ತಂಗಿ ಸತ್ತಿದ್ದಾಳೆ, ಮುಚ್ಚಿಡುತ್ತಿದ್ದಾರೆ ಎಂದೇ ಆಕೆಯ ಮನಸ್ಸು ಹೇಳಿತು. ಹೇಳದೆ ಇನ್ನೇನು? ಹಿಂದೆ ಆಕೆಯ ಅಣ್ಣ, ಅಂದರೆ ಸಂಗನಬಸುವಿನ ತಂದೆ, ಆಸ್ಪತ್ರೆಯಲ್ಲಿ ತೀರಿಕೊಂಡಾಗಲೂ ಇವರೇ ನಗುಮುಖ ಮಾಡಿ 'ಆರಾಮ' ಎಂದು ಕೈಯಾಡಿಸಿದ್ದರು. ಹೆಣ ಬಾಗಿಲಿಗೆ ಬಂದಾಗಲೇ ಆಕೆಗೆ ತಿಳಿದದ್ದು.

ಸಂಗನಬಸು ತನ್ನ ಫೋನಿನಲ್ಲಿ ಗುರವ್ವನ ಫೋಟೊ ತೋರಿಸಿದ. ಆಕೆ ಗೋಡೆಯ ಮೇಲೆ ಮಾಲೆ ಹಾಕಿದ್ದ ಅಣ್ಣನ ಫೋಟೊ ತೋರಿಸಿದಳು. ಫೋಟೊ ಸತ್ತವರದ್ದೂ ಇರುತ್ತದಲ್ಲ! ಆಕೆಯ ರಾಟಿ ನಿಂತಿತು. ಊಟವೂ ನಿಂತಿತು.

ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ, ತಾಟಿನಲ್ಲಿ ಮುಟ್ಟದೆ ಉಳಿದ ಉಂಡಿ ನೋಡಿ ಶಶಿಕಲಾ ತಾಟು ಎತ್ತದೆ ಅಲ್ಲೇ ಕೂತಳು. "ಅವತ್ತ ನಾವ ಸುಳ್ಳು ಹೇಳಿದ್ವಿ. ಇವತ್ತ ಖರೇ ಹೇಳಿದ್ರ ಹೆಂಗ ನಂಬ್ಯಾಳು?" ಎಂದು ತನ್ನಷ್ಟಕ್ಕೆ ಗೊಣಗಿದಳು. ಆಮೇಲೆ ಚಿಕ್ಕ ಫೋನಿನಿಂದ ಗುರವ್ವನ ಸೊಸೆಗೆ, "ವಿಡಿಯೋ ಕಾಲ್ ಮಾಡ್ತೀನಿ ಅಕ್ಕಾ, ನಿಮ್ಮತ್ತಿ ಮುಂದ ಫೋನ್ ಹಿಡಿ. ಮಾತು ಬ್ಯಾಡ, ಕೈ ಕಂಡ್ರ ಸಾಕು" ಎಂದಳು. ನನ್ನನ್ನು ಮಾಡದಿಂದ ಇಳಿಸಿ ಚಾರ್ಜಿಗೆ ಹಾಕಿ, ಓಣಿಯ ಅಂಗಡಿಗೆ ಓಡಿ ನೆಟ್ ಹಾಕಿಸಿ, ಸಿಮ್ಮು ನನಗೆ ತೂರಿಸಿದಳು. ಸಿಗ್ನಲ್ ಸಿಗುವ ಹೊಸ್ತಿಲ ಬಳಿಗೆ ಶಾವಂತ್ರವ್ವನನ್ನು ಎಳೆದು ಕೂರಿಸಿ, ಕರೆ ಹಚ್ಚಿ ನನ್ನನ್ನು ಮುಂದೆ ಹಿಡಿದಳು.

ನನ್ನನ್ನು ಕಂಡೊಡನೆ ಶಾವಂತ್ರವ್ವ ಮುಖ ತಿರುವಿದಳು. ಅಷ್ಟರಲ್ಲಿ ಓರೆಗಣ್ಣಿಗೆ ಏನೋ ಅಲುಗಿದ್ದು ಕಂಡಿತು. ನನ್ನ ಗಾಜಿನೊಳಗೆ ಮಂಚದ ಮೇಲೆ ಒರಗಿದ್ದ ಗುರವ್ವ ಎಡಗಿವಿ ಹಿಡಿದು, ಗಲ್ಲವನ್ನು ಎರಡು ಸಲ ತಟ್ಟಿಕೊಂಡಳು. ಅದು ಶಾವಂತ್ರವ್ವನ ಹೆಸರು. ತಂಗಿಯೊಬ್ಬಳನ್ನು ಬಿಟ್ಟರೆ ಆಕೆಯನ್ನು ಹಾಗೆ ಕರೆಯುವವರು ಲೋಕದಲ್ಲಿ ಇರಲಿಲ್ಲ.

ಎರಡೂ ಕೈಯಿಂದ ನನ್ನನ್ನು ಬಾಚಿಕೊಂಡಳು. ಮರುಕ್ಷಣವೇ ಪೇಚಾಟ: ಕೈ ತುಂಬ ನಾನಿದ್ದರೆ ಮಾತಾಡುವುದು ಹೇಗೆ? ಕಂಡಿಕೆಯ ಬುಟ್ಟಿಗೆ ನನ್ನನ್ನು ಒರಗಿಸಿದಳು. ಗುರವ್ವ ಪಟ್ಟಿ ಸುತ್ತಿದ ಕಾಲು ತೋರಿಸಿದಳು. ಅಕ್ಕ ಬೈದಳು, ಅತ್ತಳು, ಮತ್ತೆ ಬೈದಳು. ಬೈಗುಳವೆಂದು ನಿನಗೆ ಹೇಗೆ ಗೊತ್ತು ಅನ್ನಬೇಡಿ, ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಶಶಿಕಲಾ ಉಂಡಿಯ ತಾಟು ಮುಂದೆ ಸರಿಸಿದಳು. ಒಂದು ಕೈಯಲ್ಲಿ ಉಂಡಿ, ಇನ್ನೊಂದು ಕೈಯಲ್ಲಿ ಮಾತು.

ಈಗ ನಾನು ಮುದಿಯಾಗಿದ್ದೇನೆ. ಗಾಜು ಸೀಳು ಬಿಟ್ಟಿದೆ, ಬ್ಯಾಟರಿಗೆ ಏದುಸಿರು. ಕಂಡಿಕೆ ಬುಟ್ಟಿಯೇ ನನ್ನ ಮನೆ. ಶಶಿಕಲಾಳೂ ಪಕ್ಕದಲ್ಲಿ ಕೂತು ಒಂದೊಂದೇ ಸನ್ನೆ ಕಲಿಯುತ್ತಿದ್ದಾಳೆ. ಮೊನ್ನೆ ಸಂಗನಬಸು ಕನಿಕರದಿಂದ, "ಇದರ ಸ್ಪೀಕರ್ ರಿಪೇರಿ ಮಾಡಿಸ್ಲೇನು?" ಎಂದ.

"ಯಾರ ಸಲುವಾಗಿ?" ಎಂದಳು ಶಶಿಕಲಾ.

ಅವನು ಅತ್ತೆಯ ಮುಖ ನೋಡಿದ, ನನ್ನ ಮುಖ ನೋಡಿದ. ಶಾವಂತ್ರವ್ವ ಸೆರಗಿನಿಂದ ನನ್ನನ್ನು ಒರೆಸಿ ಬುಟ್ಟಿಗೆ ಒರಗಿಸಿದಳು. ಕೆಟ್ಟ ಫೋನೆಂದು ಊರೆಲ್ಲ ಅಂದುಕೊಳ್ಳಲಿ. ಆಕೆಯ ಎದುರು ಕೂತಾಗ ನನ್ನಲ್ಲಿ ಯಾವ ಕೊರತೆಯೂ ಇಲ್ಲ.