ಸರೇಸು ಕುಡಿದ ಖಾಕಾ

ಖತೀಜಾ ಬೀಗೆ ಕಣ್ಣು ಹೋಗಿ ಬಹಳ ದಿನವಾಗಿತ್ತು. ಆದರೂ ಮಾನ್ವಿಯಲ್ಲಿ ಮದುಮಗಳ ದುಪಟ್ಟಾಕ್ಕೆ ಜರಿಯ ನಕ್ಷೆ ಇಳಿಸಬೇಕೆಂದರೆ ಜನ ಅವಳ ಬಾಗಿಲಿಗೇ ಬರುತ್ತಿದ್ದರು.

ನಕ್ಷೆಯ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ಕಾಗದಕ್ಕೆ ಖಾಕಾ ಎನ್ನುತ್ತಾರೆ. ಬಟ್ಟೆಯ ಮೇಲಿಟ್ಟು ನೀಲಿ ಪುಡಿ ಒರೆಸಿದರೆ ಗೆರೆ ಕೆಳಗಿಳಿಯುತ್ತದೆ. ಖತೀಜಾ ಬೀ ಕಣ್ಣಿದ್ದಾಗಲೇ ಬಳ್ಳಿಗೊಂದು, ಹೂವಿಗೊಂದು, ನವಿಲಿಗೊಂದು ಬೇರೆ ಬೇರೆ ಖಾಕಾ ಮಾಡಿಟ್ಟಿದ್ದಳು. ಬಳ್ಳಿ ತಿರುಗಿಸಿದರೆ, ನವಿಲು ತೆಗೆದರೆ ಮತ್ತೊಂದು ನಕ್ಷೆ. ಈಗ ಬೆರಳಿನಿಂದ ತೂತು ತಡವಿಯೇ ಜೋಡಿಸುತ್ತಿದ್ದಳು. ಅದೊಂದೇ ಅವಳಿಗೆ ಉಳಿದಿದ್ದ ಕಣ್ಣು.

ಕಾಗದ ಹಳೆಯದಾಗಿ ಹರಿಯತೊಡಗಿತ್ತು. ಒಂದೊಂದನ್ನೂ ಗಟ್ಟಿ ಹಾಳೆಗೆ ಚುಚ್ಚಿ ಇಳಿಸಿಕೊಡು ಎಂದು, ಈ ಕಸುಬು ಕಲಿಯದ ಸೊಸೆ ಅಸ್ಮತ್ ಕೈಯಲ್ಲಿ ಖಾಕಾಗಳ ಪೆಟ್ಟಿಗೆಯನ್ನು ರಾಯಚೂರಿನ ವಿರೂಪಣ್ಣನಿಗೆ ಕಳಿಸಿದಳು. ಅವನು ಪ್ರೆಸ್ಸುಗಳಿಗೆ ಚಿತ್ರ ಅಚ್ಚು ಹಾಕುವ ಬ್ಲಾಕ್ ಮಾಡುವವನು, ಹಳೆಯ ಪರಿಚಯ, ಒಳ್ಳೆಯ ಮನುಷ್ಯ. ಅದೇ ಎಡವಟ್ಟಾಯಿತು. ಬಿಡಿ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಫೋಟೋ ತೆಗೆಯುವುದೇ ಕಸುಬಾದವನ ಕೈ ಸುಮ್ಮನಿದ್ದೀತೇ? ಗಣಪನನ್ನು ಮಾಡಹೋಗಿ ಅವರಪ್ಪನನ್ನು ಮಾಡಿದ.

ರಟ್ಟನ್ನು ತಾನೇ ಬಸ್ಸಿನಲ್ಲಿ ಹೊತ್ತು ತಂದ. "ತಗೋರ್ರಿ ಬೀ. ಬಿಡಿಬಿಡಿ ಇದ್ರ ಕಳೀತಾವಂತ ಎಲ್ಲಾ ಒಂದ ಕಡಿ ಕೂಡಿಸಿ ಸರೇಸು ಹಚ್ಚಿ ಅಂಟಿಸೀನಿ. ಇನ್ನ ಅಲ್ಲಾಡಂಗಿಲ್ಲ!"

ಅಸ್ಮತ್ ತುಟಿ ಕಚ್ಚಿದಳು. ಖತೀಜಾ ಬೀ ರಟ್ಟಿನ ಮೇಲೆ ಬೆರಳಾಡಿಸಿದಳು. ಸರೇಸಿನ ಅಂಟು ತೂತುಗಳಿಗೆಲ್ಲ ಇಳಿದು ಒಣಗಿತ್ತು. ಬರೀ ನುಣುಪು.

"ನವಿಲು ಎಲ್ಲದಪ್ಪಾ?"

"ಅಲ್ಲೇ ಅದ ರೀ, ಬಳ್ಳಿ ಮ್ಯಾಲ. ಭಾಳ ಛಂದ ಕಾಣಾಕತ್ತದ."

"ತೆಗಿ ಅದನ್ನ. ದೇವದುರ್ಗದವರು ದುಪಟ್ಟಾಕ್ಕ ಬಳ್ಳಿ ಅಷ್ಟೇ ಕೇಳ್ಯಾರ."

"ಹೆಂಗ ತೆಗೀಬೇಕ್ರೀ? ಬಳ್ಳಿನೂ ಹರೀತದ."

ಅಸ್ಮತ್ ನೀರು ಹಚ್ಚಿ ಒಂದು ಅಂಚನ್ನು ಎಬ್ಬಿಸಿ ನೋಡಿದಳು. ಕಾಗದ ಮುದ್ದೆಯಾಗಿ ಉಗುರಿಗೆ ಬಂತು.

ವಿರೂಪಣ್ಣನ ಮುಖ ಈಗ ಸಣ್ಣದಾಯಿತು. "ಗೆರಿ ಕಾಣಾಕತ್ತಾವಲ್ರೀ ಬೀ. ನೋಡ್ಕೋಂತ ಹೊಸಾವು ಚುಚ್ಚಿದ್ರಾತು."

"ಕಾಣೋರು ಚುಚ್ಚಬಹುದಪ್ಪಾ," ಎಂದಳು ಖತೀಜಾ ಬೀ. ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಸೊಸೆಗೆ ಚಹಾ ಮಾಡಲು ಹೇಳಿ, ಪಕ್ಕದಲ್ಲಿದ್ದ ದೇವದುರ್ಗದವರ ದುಪಟ್ಟಾವನ್ನು ತಡವಿ ತಡವಿ ಮಡಿಚಿದಳು.

"ಹೋಗೂ ಮುಂದ ಇದನ್ನ ಬಸ್ಸಿನವರ ಕೈಯಾಗ ಕೊಡು ವಿರೂಪಣ್ಣ, ದೇವದುರ್ಗಕ್ಕ ವಾಪಸ್ ಮುಟ್ಟಸ್ತಾರ. ಯಾಕ ಅಂತ ಕೇಳಿದ್ರ, ಖತೀಜಾ ಬೀಗೆ ಕಣ್ಣು ಹೋದ್ವು ಅಂತ ಹೇಳು."